ಒದ್ದೆರಾಯರ ಮುದ್ರೆ

ಬೆವರು ಸುರಿಸಿ ಸಂಬಳ ತೆಗೆದುಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬರೀ ನೆನೆದು ಸಂಬಳ ತೆಗೆದುಕೊಳ್ಳುತ್ತಿದ್ದವರು ಒದ್ದೆರಾಯರೊಬ್ಬರೇ. ರೇನ್‌ಕೋಟ್ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ, ತೂತು ಕೊರೆದ ನಾಲ್ಕು ಕೊಳವೆಗಳ ಕೆಳಗೆ, ಹೊಸ ಕೋಟು ತೊಟ್ಟು ಅರ್ಧ ಗಂಟೆ ನಿಲ್ಲುವುದು ಅವರ ಕೆಲಸ. ಒಳಜೇಬಿನಲ್ಲಿ ಒಂದು, ಕಂಕುಳಲ್ಲಿ ಎರಡು, ಬೆನ್ನಿಗೊಂದು ಬ್ಲಾಟಿಂಗ್ ಕಾಗದ ಇಟ್ಟುಕೊಂಡು ನಿಲ್ಲಬೇಕು. ನೀರು ನಿಂತ ಮೇಲೂ ಕಾಗದ ಗರಿಗರಿಯಾಗಿದ್ದರೆ ಕೋಟು ಪಾಸು. ಆಗ ರಾಯರು ಕೈ ಒರೆಸಿಕೊಂಡು, ಮುದ್ರೆಯ ಮೇಲೆ ಒಮ್ಮೆ ಬಿಸಿಯುಸಿರು ಬಿಟ್ಟು, ಅದೇ ಬಟ್ಟೆಯಲ್ಲಿ ಹೊಲಿದ ಎಲ್ಲ ಕೋಟುಗಳ ಕತ್ತಿನ ಪಟ್ಟಿಗೂ ಒತ್ತುತ್ತಿದ್ದರು: "ನೆನೆದಿಲ್ಲ."

ಇಪ್ಪತ್ತಮೂರು ವರ್ಷ ಹೀಗೆ ನಿಂತು ಅವರ ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತಿದ್ದವು. ಅವರ ನಿಜವಾದ ಹೆಸರು ಸಂಬಳದ ಗುಮಾಸ್ತನಿಗೂ ಮರೆತುಹೋಗಿತ್ತು. ಆದರೆ ಮುದ್ರೆಗೆ ಮರ್ಯಾದೆ ಇತ್ತು. ಅಂಗಡಿಯವರು ಕೋಟಿನ ಬಟ್ಟೆಯನ್ನು ಮುಟ್ಟಿಯೂ ನೋಡುತ್ತಿರಲಿಲ್ಲ, ಕತ್ತಿನ ಪಟ್ಟಿ ತಿರುವಿ ನೋಡಿ ತೆಗೆದಿಟ್ಟುಕೊಳ್ಳುತ್ತಿದ್ದರು.

ಪರೀಕ್ಷೆಯ ಕೋಣೆಯ ಗೋಡೆಗೆ ಒಂದು ಚೌಕಟ್ಟು ತೂಗುಹಾಕಿತ್ತು. ಈಗಿನ ಯಜಮಾನರ ತಂದೆ, ಅಂದರೆ ಕಾರ್ಖಾನೆ ಕಟ್ಟಿದವರು, ಕೈಯಾರೆ ಬರೆದ ನಿಯಮಗಳು ಅದರಲ್ಲಿದ್ದವು. ನೀರು ಮೇಲಿನಿಂದ ಬೀಳತಕ್ಕದ್ದು. ಅರ್ಧ ಗಂಟೆ ಬೀಳತಕ್ಕದ್ದು. ಮುದ್ರೆಯಿಲ್ಲದ ಕೋಟು ಗೇಟು ದಾಟಕೂಡದು. ಚೌಕಟ್ಟಿನಲ್ಲಿಲ್ಲದ ನಾಲ್ಕನೆಯ ನಿಯಮವೊಂದನ್ನು ರಾಯರೇ ಸೇರಿಸಿಕೊಂಡಿದ್ದರು. ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಹದಿನೈದು ದಿನ ಮಲಗಿ ಎದ್ದಮೇಲೆ, ಯಜಮಾನರ ಒಪ್ಪಿಗೆ ಪಡೆದು, ನೀರನ್ನು ಉಗುರುಬೆಚ್ಚಗೆ ಮಾಡಿಸಿಕೊಂಡಿದ್ದರು. ಹೀಗಾಗಿ ಕಾರ್ಖಾನೆಯ ಕೋಟುಗಳೆಲ್ಲ ಸ್ನಾನದ ನೀರಿನಲ್ಲಿ ಪರೀಕ್ಷೆಯಾಗಿ, ಚಳಿಮಳೆಯ ಜನರಿಗೆ ಮಾರಾಟವಾಗುತ್ತಿದ್ದವು.

ಈ ಸುಖಸಂಸಾರಕ್ಕೆ ಕಲ್ಲು ಹಾಕಿದವನು ರಾಯರ ಸ್ವಂತ ಭಾವಮೈದ. ಅವನು ಅದೇ ಕಾರ್ಖಾನೆಯಲ್ಲಿ ಮಾರಾಟದ ಮುಖ್ಯಸ್ಥ, ಮಾತಿನಲ್ಲೇ ಮಂಟಪ ಕಟ್ಟುವ ಜಾತಿ. ಚಳಿಗಾಲದಲ್ಲಿ ರಬ್ಬರ್ ದೋಣಿ ಹತ್ತಿ ನದಿಯ ರಭಸದಲ್ಲಿ ಹೋಗುವ ಹುಚ್ಚು ಜನರಿಗೆ ಹೊಸದಾಗಿ ಹಿಡಿದಿದೆ ಎಂದು ಎಲ್ಲಿಂದಲೋ ಕೇಳಿಕೊಂಡು ಬಂದ. ಗೋದಾಮಿನಲ್ಲಿ ಖರ್ಚಾಗದೆ ಬಿದ್ದಿದ್ದ ಮೊಣಕಾಲುದ್ದದ ಕೋಟುಗಳು ನಾನೂರು ಇದ್ದವು. ಅವಕ್ಕೆ ಕಿತ್ತಳೆ ಬಣ್ಣ ಹೊಡೆಸಿ, ಮೂರು ಜೇಬು ಹಚ್ಚಿಸಿ, ಬೆಚ್ಚಗಿರಲಿ ಎಂದು ಒಳಗೆ ದಪ್ಪ ಹತ್ತಿಯ ಅಸ್ತರಿ ಕೊಡಿಸಿ, ಜೊತೆಗೊಂದು ಜೊತೆ ಗಮ್‌ಬೂಟು ಸೇರಿಸಿ, 'ನದಿಧೀರ' ಎಂದು ಹೆಸರಿಟ್ಟ. ಕೆಳಗೆ ಒಂದು ಗಾದೆಯನ್ನೂ ಅಚ್ಚು ಹಾಕಿಸಿದ: ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ನದಿಧೀರನನ್ನು ತೊಟ್ಟು ರಾಯರು ಉಗುರುಬೆಚ್ಚನೆಯ ನೀರಿನಡಿ ಅರ್ಧ ಗಂಟೆ ನಿಂತರು. ಕಾಗದ ಗರಿಗರಿಯಾಗಿಯೇ ಇತ್ತು. ಆದರೂ ಮುದ್ರೆ ಎತ್ತಿದ ಕೈ ಒಂದು ಕ್ಷಣ ತಡೆಯಿತು.

"ಒಂದು ಅನುಮಾನ," ಎಂದರು, ಪರೀಕ್ಷೆ ನೋಡಲು ಬಂದಿದ್ದ ಯಜಮಾನರ ಮುಂದೆ. "ನದೀಲಿ ನೀರು ಕೆಳಗಿಂದಾನೂ ಬರುತ್ತಲ್ವಾ?"

ಯಜಮಾನರು ಗೋಡೆಯ ಚೌಕಟ್ಟಿನ ಕಡೆಗೆ ಕತ್ತು ಹೊರಳಿಸಿದರು. "ನಮ್ಮಪ್ಪನಿಗಿಂತ ನಿಮಗೆ ಹೆಚ್ಚು ಗೊತ್ತಾ ರಾಯರೇ?"

"ಹಾಗಲ್ಲ, ಸುಮ್ನೆ ಕೇಳಿದೆ."

"ಕೇಳಿದ್ರಲ್ಲ, ಆಯ್ತು. ಇನ್ನು ಒತ್ತಿ."

ರಾಯರು ಒತ್ತಿದರು. ನಾನೂರಕ್ಕೂ ಒತ್ತಿದರು. ಅನುಮಾನ ಪಟ್ಟು ಸಹಿ ಹಾಕುವುದು ಒಂದು ದೊಡ್ಡ ವಿದ್ಯೆ. ಮುಂದೆ ಏನಾದರೂ ಆದರೆ 'ನಾನು ಆಗಲೇ ಹೇಳಿದ್ದೆ' ಎನ್ನಬಹುದು, ಏನೂ ಆಗದಿದ್ದರೆ ಸಂಬಳ ಎಣಿಸಿಕೊಳ್ಳಬಹುದು. ಈ ವಿದ್ಯೆಯಲ್ಲಿ ಪಳಗಿದವರಿಗೆ ಕಚೇರಿಗಳಲ್ಲಿ ಸಜ್ಜನರು ಎಂದು ಹೆಸರು. ರಾಯರೂ ಸಜ್ಜನರೇ. ಅಂದು ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದರು.

ಮೂರು ದಿನ ಕಳೆದು ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಹೆಂಡತಿಯ ಮುಖ ಅರಳಿದ್ದು ಕಂಡಿತು. ಒಳಗೆ ಕುರ್ಚಿಯಲ್ಲಿ ಭಾವಮೈದ ಕಾಲು ಚಾಚಿ ಕೂತಿದ್ದ.

"ರೀ, ಕೇಳಿದ್ರಾ? ನಮ್ಮ ತಮ್ಮ ನಮ್ಮ ಹುಡುಗೀನ ಕ್ಯಾಟಲಾಗಿಗೆ ಹಾಕಿಸ್ತಾ ಇದಾನೆ. ಭಾನುವಾರ ನದೀಲಿ ಫೋಟೊ ತೆಗೀತಾರಂತೆ."

"ಯಾವ ನದೀಲಿ?"

"ನದಿ ಅಂದ್ರೆ ನದಿ, ಭಾವ," ಎಂದ ಭಾವಮೈದ. "ದೋಣೀಲಿ ಆರು ಜನ ನಮ್ಮ ಕಾರ್ಖಾನೆಯೋರೇ. ಎಲ್ಲರಿಗಿಂತ ಮುಂದೆ ನಮ್ಮ ಪುಟ್ಟಿ. ನೀರು ಚಿಮ್ಮಿ ಮುಖಕ್ಕೆ ಹೊಡೀಬೇಕು, ಅವಳು ನಗ್ತಾ ಇರ್ಬೇಕು. ಅಂಥ ಫೋಟೊ ಒಂದು ಸಾಕು, ನಾನೂರೂ ಖಾಲಿ."

ಮಗಳು ಕಾರ್ಖಾನೆಯ ಕತ್ತರಿ ವಿಭಾಗದಲ್ಲಿದ್ದಳು. ಒಂದೇ ಏಟಿಗೆ ಹನ್ನೆರಡು ಪದರ ಬಟ್ಟೆ ಕತ್ತರಿಸುವ ಗಟ್ಟಿ ಕೈ, ಅದಕ್ಕಿಂತ ಗಟ್ಟಿ ಬಾಯಿ. ಈಜು ಮಾತ್ರ ಬರುತ್ತಿರಲಿಲ್ಲ.

"ಬೇಡ," ಎಂದರು ರಾಯರು.

"ಯಾಕೆ ಬೇಡ?" ಹೆಂಡತಿ ಸೊಂಟಕ್ಕೆ ಕೈ ಕೊಟ್ಟಳು. "ಮಗಳು ನಾಲ್ಕು ಜನರ ಕಣ್ಣಿಗೆ ಬೀಳೋದು ನಿಮಗೆ ಬೇಡ್ವಾ? ನಿಮ್ಮ ಹಾಗೆ ಹಿಂದಿನ ಕೋಣೇಲಿ ನೆನೀತಾ ಇರ್ಬೇಕಾ?"

"ಚಳಿ ನೀರು. ಏನಾದ್ರೂ ಆದ್ರೆ?"

ಮಗಳು ಒಳಗಿಂದ ಬಂದು ನಕ್ಕಳು. "ಏನಾಗುತ್ತಪ್ಪ? ಕೋಟಿನ ಮೇಲೆ ನಿನ್ನ ಮುದ್ರೆ ಇದೆಯಲ್ಲ."

ರಾಯರು ಈಗ ಒಂದೋ ಮುದ್ರೆ ಸುಳ್ಳು ಎನ್ನಬೇಕು, ಇಲ್ಲವೇ ಮಗಳನ್ನು ಕಳಿಸಬೇಕು. ಇಪ್ಪತ್ತಮೂರು ವರ್ಷದಿಂದ ಅವರಿಗಿದ್ದ ಆಸ್ತಿ ಆ ಮುದ್ರೆಯೊಂದೇ. ಅಂದು ರಾತ್ರಿ ಅನ್ನ ಸೇರಲಿಲ್ಲ.

ಮರುದಿನ ಹೊಟ್ಟೆನೋವೆಂದು ರಜೆ ಹಾಕಿ, ಬಸ್ಸು ಹಿಡಿದು ನದಿಯ ದಡಕ್ಕೆ ಹೋದರು. ಅಲ್ಲಿ ತಗಡಿನ ಶೆಡ್ಡೊಂದರ ಮುಂದೆ ದೋಣಿಗಳನ್ನು ಕವುಚಿ ಹಾಕಿತ್ತು. ಅವುಗಳ ಒಡತಿ, ಎಲ್ಲರೂ ದೋಣಿಯಕ್ಕ ಎಂದು ಕರೆಯುವ ಐವತ್ತರ ಹೆಂಗಸು, ಒಂದು ದೋಣಿಗೆ ತೇಪೆ ಹಾಕುತ್ತ ಕೂತಿದ್ದಳು. ಕಾರ್ಖಾನೆಯವರು ಭಾನುವಾರಕ್ಕೆ ದೋಣಿ ಹೇಳಿದ್ದು ಅವಳಿಗೇ.

"ನಮ್ಮ ಕಡೆಯ ಹುಡುಗಿಯೊಬ್ಬಳು ದೋಣೀಲಿ ಹೋಗ್ತಾಳಂತೆ," ಎಂದರು ರಾಯರು. "ಈ ಚಳೀಲಿ ಏನು ಹಾಕ್ಕೋಬೇಕು ಅಂತ ಕೇಳಿಕೊಂಡು ಹೋಗೋಣ ಅಂತ ಬಂದೆ."

ದೋಣಿಯಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಮೊದಲು ಆ ಕಲ್ಲಿನ ಹತ್ರ ಹೋಗಿ ಕೈ ಅದ್ದಿ. ನಾನು ಹೇಳೋ ತನಕ ತೆಗೀಬೇಡಿ."

ರಾಯರು ಅದ್ದಿದರು. ಒಂದು ನಿಮಿಷದೊಳಗೆ ಮೂಳೆ ಕೊರೆಯಿತು, ಇನ್ನೊಂದಕ್ಕೆ ಬೆರಳು ಎಲ್ಲಿದೆಯೆಂದು ತಿಳಿಯಲಿಲ್ಲ. ಇದು ಅವರ ಕೊಳವೆಯ ನೀರಲ್ಲ.

"ಬಿಸಿಲು ಇದೆ ಅಂತ ಎಲ್ಲ ತೆಳ್ಳಗೆ ಹಾಕ್ಕೊಂಡು ಬರ್ತಾರೆ," ಎಂದಳು ಅವಳು. "ದೋಣೀಲಿ ಗಾಳಿ ನೋಡಿ ಬಟ್ಟೆ ಹಾಕ್ಬಾರ್ದು, ನೀರು ನೋಡಿ ಹಾಕ್ಬೇಕು. ಬಿದ್ದಾಗ ಗಾಳೀಲಿ ಬೀಳ್ತಾರಾ?"

ಶೆಡ್ಡಿನ ಗೂಟದಿಂದ ಒಂದು ಉಡುಪು ತೆಗೆದಳು. ಕಾಲಿಂದ ಕತ್ತಿನವರೆಗೆ ಒಂದೇ ತುಂಡು, ಕತ್ತಿಗೂ ಮಣಿಕಟ್ಟಿಗೂ ತೆಳು ರಬ್ಬರಿನ ಪಟ್ಟಿ. ಡ್ರೈಸೂಟ್ ಎಂದಳು. ರಾಯರ ಕೈ ಹಿಡಿದು ಆ ಪಟ್ಟಿಯೊಳಗೆ ತೂರಿಸಿದಳು. ರಬ್ಬರು ಚರ್ಮಕ್ಕೆ ಮೆತ್ತಗೆ ಅಂಟಿಕೊಂಡಿತು, ನಡುವೆ ಒಂದು ಬ್ಲಾಟಿಂಗ್ ಕಾಗದ ತೂರುವಷ್ಟೂ ಸಂದಿರಲಿಲ್ಲ. ಇಪ್ಪತ್ತಮೂರು ವರ್ಷ ನೀರಿನ ಜೊತೆ ಒಡನಾಡಿದ ಮನುಷ್ಯನಿಗೆ ನೀರು ಒಳಗೆ ಬರುವುದು ಬಟ್ಟೆಯಿಂದಲ್ಲ, ಬಾಗಿಲಿಂದ ಎಂಬುದು ಆಗ ಹೊಳೆಯಿತು.

"ಇದು ನೀರು ತಡಿಯುತ್ತೆ, ಚಳಿ ತಡಿಯಲ್ಲ," ಎಂದು ದೋಣಿಯಕ್ಕ ಮುಂದುವರಿಸಿದಳು. "ಚಳಿಗೆ ಒಳಗೆ ಉಣ್ಣೆ ಬೇಕು. ಮೈಗೆ ತೆಳ್ಳಂದೊಂದು, ಅದರ ಮೇಲೆ ದಪ್ಪಂದೊಂದು. ಹತ್ತಿ ಮಾತ್ರ ಮುಟ್ಟಿಸ್ಬೇಡಿ. ಹತ್ತಿ ನೀರು ಕುಡಿದ್ರೆ ಬಿಡಲ್ಲ, ಮೈ ಶಾಖಾನೆಲ್ಲ ಹೀರುತ್ತೆ. ಕೈ ಎತ್ತಿ ಹುಟ್ಟು ಹಾಕೋವಾಗ ಕಂಕುಳಲ್ಲಿ ಬಿಗೀಬಾರ್ದು, ಕೂತ್ರೆ ಮೊಣಕಾಲು ಹಿಡೀಬಾರ್ದು. ಬಿಗಿಯಾದ್ರೆ ಹುಡುಗಿ ಕೈ ಸೋಲುತ್ತೆ, ಸೋತೋಳು ಬೀಳ್ತಾಳೆ. ಎಲ್ಲದರ ಮೇಲೆ ಲೈಫ್ ಜಾಕೆಟ್. ತಲೆಗೆ ಹೆಲ್ಮೆಟ್."

"ಕಾಲಿಗೆ ಗಮ್‌ಬೂಟು?" ರಾಯರ ದನಿ ಇಳಿದಿತ್ತು.

"ಎರಡು ಬಕೆಟ್ಟು ನೀರು ಕಾಲಿಗೆ ಕಟ್ಕೊಂಡ ಹಾಗೆ. ಯಾವ ಪುಣ್ಯಾತ್ಮ ಹೇಳಿದ್ದು?"

ರಾಯರು ಪುಣ್ಯಾತ್ಮನ ಹೆಸರು ಹೇಳಲಿಲ್ಲ. ಅವನ ಅಕ್ಕ ಅವರ ಹೆಂಡತಿ.

"ಭಾನುವಾರದೋರಿಗೆ ಈ ಸೂಟು ಕೊಡ್ತೀರಾ?" ಎಂದು ಕೇಳಿದರು.

"ನನ್ನ ಹತ್ರ ಎಂಟಿದೆ. ಆದ್ರೆ ಅವರು ಬೇಡ ಅಂದಿದಾರೆ. ಬಟ್ಟೆ ನಮ್ಮದೇ, ಪರೀಕ್ಷೆ ಆಗಿ ಮುದ್ರೆ ಬಿದ್ದಿದೆ ಅಂತ ಬರೆದು ಕಳಿಸಿದಾರೆ." ಅವಳು ತೇಪೆಯ ಮೇಲೆ ಹೆಬ್ಬೆರಳು ಒತ್ತಿದಳು. "ನನ್ನ ದಡದಲ್ಲಿ ಒಂದು ಪದ್ಧತಿ ಇದೆ. ಹೊರಗಿನ ಬಟ್ಟೆ ತಂದ್ರೆ, ಅದನ್ನ ಆರಿಸಿದೋರು ಮೊದಲು ನೀರಿಗೆ. ಸೊಂಟಕ್ಕೆ ಹಗ್ಗ ಕಟ್ಟಿ ಹತ್ತು ನಿಮಿಷ. ಅವರು ತಡಕೊಂಡ್ರೆ ಉಳಿದೋರು ದೋಣಿಗೆ. ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ಆಟ ನನ್ನ ಹತ್ರ ನಡೆಯಲ್ಲ. ಆ ಮುದ್ರೆ ಒತ್ತಿದೋನು ಯಾರು, ನಿಮಗೆ ಗೊತ್ತಾ?"

"ಯಾರೋ ಇರ್ಬೇಕು," ಎಂದರು ರಾಯರು, ಕೈಯನ್ನು ಜೇಬಿನೊಳಗೆ ಇಳಿಸಿಕೊಂಡು.

ಬಸ್ಸಿನ ದಾರಿಯುದ್ದಕ್ಕೂ ಆ ಮಾತು ಅವರನ್ನು ತಿನ್ನುತ್ತಿತ್ತು. ನೇರವಾಗಿ ಯಜಮಾನರ ಕೋಣೆಗೆ ಹೋಗಿ, ನದಿಧೀರನ ಮೇಲಿನ ಮುದ್ರೆ ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಭಾವಮೈದನೂ ಅಲ್ಲಿದ್ದ. ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ರಾಯರೇ, ಆಡಿದ ಮಾತು, ಒತ್ತಿದ ಮುದ್ರೆ ವಾಪಸು ಬರುತ್ತಾ? ಇವತ್ತು ಇದು ಸುಳ್ಳು ಅಂದ್ರೆ ಇಪ್ಪತ್ತಮೂರು ವರ್ಷದ್ದೂ ಸುಳ್ಳು ಅಂತ ಜನ ಕೇಳಲ್ವಾ?"

"ಭಾವನಿಗೆ ಮಗಳ ಮೇಲೆ ಮೋಹ, ಅಷ್ಟೇ," ಎಂದು ಭಾವಮೈದ ನಕ್ಕ. "ಅವಳೇನು ಈಜೋಕೆ ಹೋಗ್ತಾಳಾ? ನಗೋಕೆ ತಾನೆ?"

ಮಗಳಿಗಾದರೂ ಹೇಳೋಣವೆಂದು ಊಟಕ್ಕೆ ಕೂತಾಗ ಎರಡು ಸಲ ಬಾಯಿ ತೆರೆದರು. ಎರಡು ಸಲವೂ ಅವಳು ಕೋಟಿನ ಕತ್ತಿನ ಪಟ್ಟಿಯನ್ನು ಗೆಳತಿಯರಿಗೆ ತೋರಿಸಿದ ಕಥೆ ಹೇಳುತ್ತಿದ್ದಳು. ನಮ್ಮಪ್ಪ ಒತ್ತಿದ್ದು ಎಂದಿದ್ದಳಂತೆ. ರಾಯರು ತೆರೆದ ಬಾಯಿಗೆ ತುತ್ತು ಹಾಕಿಕೊಂಡರು. ಮಾನ ಎಂಬುದು ಇಂಥ ಹೊತ್ತಿನಲ್ಲೇ ಗಂಟಲಿಗೆ ಅಡ್ಡ ಬರುತ್ತದೆ, ಅದಕ್ಕೆ ಬೇರೆ ಹೊತ್ತು ಗೊತ್ತಿಲ್ಲ.

ಭಾನುವಾರ ಹತ್ತು ಗಂಟೆಗೆ ಕಾರ್ಖಾನೆಯ ವ್ಯಾನೂ ಯಜಮಾನರ ಕಾರೂ ದಡಕ್ಕೆ ಬಂದವು. ಬಿಸಿಲು ಚೆನ್ನಾಗಿಯೇ ಇತ್ತು. ಯಜಮಾನರು ಉಣ್ಣೆಯ ಓವರ್‌ಕೋಟು, ಉಣ್ಣೆಯ ಟೋಪಿ, ಕೈಗೆ ಚರ್ಮದ ಗ್ಲೌಸು ಹಾಕಿಕೊಂಡು ದಡದ ಕುರ್ಚಿಯಲ್ಲಿ ಕೂತರು. ಭಾವಮೈದ ಕತ್ತಿಗೆ ಎರಡು ಮಫ್ಲರು ಸುತ್ತಿಕೊಂಡಿದ್ದ. ನದಿಧೀರ ತೊಟ್ಟ ಆರು ಮಂದಿ ಕಿತ್ತಳೆ ರಾಶಿಯ ಹಾಗೆ ಸಾಲಾಗಿ ನಿಂತರು. ಎಲ್ಲರಿಗಿಂತ ಮುಂದೆ, ಗಮ್‌ಬೂಟಿನಲ್ಲಿ, ಮಗಳು.

ದೋಣಿಯಕ್ಕ ಕೋಟಿನ ಅಂಚು ಎತ್ತಿ ನೋಡಿದಳು, ಅಸ್ತರಿ ಹಿಚುಕಿದಳು. ಏನೂ ಅನ್ನದೆ ಹಗ್ಗದ ಸುರುಳಿ ತಂದು ನೆಲಕ್ಕೆ ಹಾಕಿದಳು.

"ಈ ಬಟ್ಟೆ ಆರಿಸಿದೋರು ಯಾರು? ಮುಂದೆ ಬನ್ನಿ."

ಪದ್ಧತಿ ಏನೆಂದು ತಿಳಿದೊಡನೆ ಭಾವಮೈದನ ಮುಖದ ಬಣ್ಣ ಇಳಿಯಿತು. "ಆರಿಸೋದು ಅಂದ್ರೆ, ಅದು ಯಜಮಾನರ ದೂರದೃಷ್ಟಿ," ಎಂದ.

"ನಾನು ಬರೀ ಒಪ್ಪಿಗೆ ಕೊಟ್ಟೋನು," ಎಂದರು ಯಜಮಾನರು. "ಐಡಿಯಾ ಇವರದ್ದು."

"ಮೊದಲು ಫೋಟೊ ಆಗ್ಲಿ," ಎಂದ ಭಾವಮೈದ. "ಬೆಳಕು ಹೋಗುತ್ತೆ."

"ಬೆಳಕು ಸಂಜೆ ತನಕ ಎಲ್ಲೂ ಹೋಗಲ್ಲ," ಎಂದಳು ದೋಣಿಯಕ್ಕ. "ಯಾರೂ ಆರಿಸ್ದೆ ಬಟ್ಟೆ ತಾನೇ ನಡ್ಕೊಂಡು ಬಂತಾ?"

ವ್ಯಾನಿನ ಹಿಂದೆ ನಿಂತಿದ್ದ ರಾಯರು ಮಗಳನ್ನು ನೋಡಿದರು. ಅವಳು ಗಾಳಿಗೆ ಕೋಟಿನ ಕತ್ತಿನ ಪಟ್ಟಿ ಮೇಲೆತ್ತಿಕೊಂಡು, ಅದರೊಳಗೆ ಗದ್ದ ಹುದುಗಿಸಿ, ನಡುಗುವುದನ್ನು ಅಡಗಿಸುತ್ತಿದ್ದಳು. ಆ ಪಟ್ಟಿಯ ಮೇಲೆಯೇ ಅವರ ಮುದ್ರೆ ಇತ್ತು. ರಾಯರು ಮುಂದೆ ಬಂದರು.

"ಯಾರೋ ಅಂದೆನಲ್ಲ ಮೊನ್ನೆ, ಅದು ನಾನೇ," ಎಂದರು ದೋಣಿಯಕ್ಕನಿಗೆ. "ಒತ್ತಿದೋನು ನಾನು. ನನ್ನ ಅಳತೇದೊಂದು ಕೋಟು ಕೊಡಿ."

"ಅಪ್ಪ, ನಿನಗೆ ಎದೆ ಕಟ್ಟುತ್ತೆ," ಎಂದು ಮಗಳು ಅಡ್ಡ ಬಂದಳು.

"ನಾಲ್ಕು ಬ್ಲಾಟಿಂಗ್ ಕಾಗದಾನೂ ತಂದಿದೀನಿ. ಪರೀಕ್ಷೆ ಅಂದ್ರೆ ಪರೀಕ್ಷೆ."

ಮೇಲೊಂದು ಲೈಫ್ ಜಾಕೆಟ್ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿ, ದೋಣಿಯಕ್ಕ ಅವರನ್ನು ಇಳಿಸಿದಳು. ಮೊಣಕಾಲು ಮುಳುಗುವಷ್ಟರಲ್ಲಿ ಗಮ್‌ಬೂಟು ತುಂಬಿ ಕಾಲು ಕಲ್ಲಾಯಿತು. ಎರಡು ಹೆಜ್ಜೆ ಇಟ್ಟು ಜಾರಿದರು. ಕೋಟಿನ ಕೆಳಗಿನ ಅಂಚು ಛತ್ರಿಯ ಹಾಗೆ ಮೇಲೆದ್ದು, ನದಿಯೆಲ್ಲ ಒಮ್ಮೆಗೇ ಒಳಗೆ ನುಗ್ಗಿತು. ಕತ್ತಿನಿಂದ ಬಂದದ್ದು ಬೆನ್ನಿಗಿಳಿಯಿತು, ತೋಳಿನಿಂದ ಬಂದದ್ದು ಕಂಕುಳಲ್ಲಿ ನಿಂತಿತು. ಬಟ್ಟೆ ಮಾತ್ರ ಒಂದು ಹನಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಹಾಗೆಯೇ ಒಳಗೆ ಬಂದದ್ದನ್ನು ಹೊರಗೂ ಬಿಡುತ್ತಿರಲಿಲ್ಲ. ಅಸ್ತರಿ ಗಟಗಟನೆ ಕುಡಿದು ಮಣಭಾರವಾಯಿತು. ರಾಯರಿಗೆ ಉಸಿರು ಒಳಗೆ ಹೋಗಲಿಲ್ಲ. ಕೂಗೋಣವೆಂದರೆ ಬಾಯಿ ಸೆಟೆದಿತ್ತು. ಎರಡನೆಯ ನಿಮಿಷಕ್ಕೆ ದೋಣಿಯಕ್ಕ ಎಸೆದ ಇನ್ನೊಂದು ಹಗ್ಗ ಸರಿಯಾಗಿ ಅಂಗೈಯ ಮೇಲೇ ಬಿತ್ತು. ಬೆರಳು ಮಡಿಸಲಾಗಲಿಲ್ಲ, ಹಗ್ಗ ಜಾರಿ ಹೋಯಿತು. ಈ ಕೈ ಮಗಳದಾಗಿದ್ದರೆ ಎಂಬ ಯೋಚನೆ ಬಂದಾಗ ಅವರಿಗೆ ನೀರಿಗಿಂತ ಹೆಚ್ಚು ಚಳಿಯಾಯಿತು.

ಮೂರನೆಯ ನಿಮಿಷಕ್ಕೆ ಸೊಂಟದ ಹಗ್ಗ ಹಿಡಿದು ಎಳೆದವರಲ್ಲಿ ಮಗಳೇ ಮುಂದಿದ್ದಳು.

ಕೋಟು ಬಿಚ್ಚಿ, ಒರೆಸಿ, ದೋಣಿಯಕ್ಕನ ಕಂಬಳಿಗಳಲ್ಲಿ ಸುತ್ತಿ, ಬೆಚ್ಚನೆಯ ಶೆಡ್ಡಿನಲ್ಲಿ ಕೂರಿಸಿದರು. ಬ್ಲಾಟಿಂಗ್ ಕಾಗದ ಹುಡುಕಿದರೆ ಜೇಬಿನಲ್ಲಿ ಗಂಜಿಯಂಥದ್ದೇನೋ ಸಿಕ್ಕಿತು. ಬಿಚ್ಚಿ ಹಾಕಿದ ಕೋಟಿನಿಂದ ನೀರು ಹರಿದು ಶೆಡ್ಡಿನ ನೆಲವೆಲ್ಲ ಕೆರೆಯಾಗಿತ್ತು. ಕತ್ತಿನ ಪಟ್ಟಿಯ ಮೇಲಿನ ಅಕ್ಷರ ಮಾತ್ರ ಒಂದಿಷ್ಟೂ ಮಾಸದೆ ಹೊಳೆಯುತ್ತಿತ್ತು: "ನೆನೆದಿಲ್ಲ."

ಫೋಟೊ ನಿಲ್ಲಲಿಲ್ಲ, ಅಂಥ ಪುಣ್ಯಕಾರ್ಯ ಯಾರಿಗಾಗಿಯೂ ನಿಲ್ಲುವುದಿಲ್ಲ. ಕೋಟುಗಳನ್ನು ದಡದ ಬಂಡೆಯ ಮೇಲೆ ಬಿಸಿಲಿಗೆ ಹರವಿ, ಹಿಂದೆ ನದಿ ಕಾಣುವ ಹಾಗೆ ತೆಗೆಸಿಕೊಂಡು ಯಜಮಾನರೂ ಭಾವಮೈದನೂ ಕಾರಿನಲ್ಲಿ ಹೊರಟರು. ಇಷ್ಟೇ ಸಾಕು, ನದಿ ಕಂಡರೆ ಆಯಿತು ಎಂದು ಭಾವಮೈದ ಹೇಳುತ್ತಿದ್ದ.

ವ್ಯಾನಿನಲ್ಲಿ ಮಗಳು ಅಪ್ಪನ ಕೈಯನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ಕೂತಳು.

"ಒತ್ತೋವಾಗಲೇ ನಿನಗೆ ಗೊತ್ತಿತ್ತಾ ಅಪ್ಪ?"

"ಅನುಮಾನ ಇತ್ತು."

"ದೋಣೀಲಿ ನಾನಲ್ಲದೆ ಬೇರೆ ಯಾರೋ ಹುಡುಗಿ ಇದ್ದಿದ್ರೆ, ಇವತ್ತು ನೀನು ಬರ್ತಿದ್ಯಾ?"

ರಾಯರು ಸುಳ್ಳು ಹೇಳಬಹುದಿತ್ತು. ಹಲ್ಲು ಇನ್ನೂ ಕಟಕಟ ಎನ್ನುತ್ತಿದ್ದರಿಂದ ಉತ್ತರ ಕೊಡದಿರಲು ಅದೇ ನೆಪವೂ ಆಗುತ್ತಿತ್ತು. "ಇಲ್ಲ," ಎಂದರು. ಅವಳು ಕೈ ಬಿಡಲಿಲ್ಲ, ಆದರೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ರಾಯರಿಗೆ ಅಳು ಬಂತು, ಒದ್ದೆ ತಲೆಯಿಂದ ಇನ್ನೂ ಹನಿಯುತ್ತಿದ್ದ ನೀರಿನಲ್ಲಿ ಅದನ್ನು ಯಾರೂ ಗುರುತಿಸಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಬಂದು ಗೋದಾಮಿನ ಬಾಗಿಲು ತೆಗೆಸಿದರು. ನದಿಗೆ ಹೋಗಿ ಬಂದವನ್ನು ಬಿಟ್ಟರೆ ನಾನೂರರಲ್ಲಿ ಒಂದೂ ಇನ್ನೂ ಗೇಟು ದಾಟಿರಲಿಲ್ಲ. ಮೊದಲ ಪೆಟ್ಟಿಗೆ ಒಡೆದು, ಚಿಂದಿಗೆ ಸೋಪಿನ ನೀರು ಹಚ್ಚಿಕೊಂಡು ಮುದ್ರೆ ಉಜ್ಜಿದರು. ಹೋಗಲಿಲ್ಲ. ಸ್ಪಿರಿಟ್ ಹಚ್ಚಿದರು, ಸೀಮೆಎಣ್ಣೆ ಹಚ್ಚಿದರು. ಅಕ್ಷರ ಮಿಸುಕಲಿಲ್ಲ. ಆ ಕಾರ್ಖಾನೆಯಲ್ಲಿ ಯಾವ ನೀರಿಗೂ ಜಗ್ಗದ ವಸ್ತು ಒಂದಿದ್ದರೆ ಅದು ಮುದ್ರೆಯ ಶಾಯಿ.

ಹಿಂದಿನಿಂದ ಹೆಜ್ಜೆ ಸಪ್ಪಳವಾಯಿತು. ಮಗಳು ಕತ್ತರಿ ವಿಭಾಗದ ಎರಡು ಕತ್ತರಿ ಹಿಡಿದು ಬಂದಿದ್ದಳು. ಒಂದನ್ನು ಅಪ್ಪನ ಕೈಗೆ ಕೊಟ್ಟು, ಪೆಟ್ಟಿಗೆಯ ಇನ್ನೊಂದು ಬದಿಗೆ ಕೂತಳು. ನಿನ್ನೆಯಿಂದ ಅವಳು ಅವರೊಡನೆ ಮಾತಾಡಿರಲಿಲ್ಲ. ಕತ್ತಿನ ಪಟ್ಟಿಗಳು ಒಂದೊಂದಾಗಿ ನೆಲಕ್ಕೆ ಬೀಳತೊಡಗಿದವು.

ಅರವತ್ತು ದಾಟುವಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ನಿಂತಿದ್ದರು, ಅವರ ಹೆಗಲ ಮೇಲಿಂದ ಭಾವಮೈದನ ತಲೆ ಇಣುಕುತ್ತಿತ್ತು.

"ಏನ್ರೀ ಇದು? ಯಾರನ್ನ ಕೇಳಿ ಕತ್ತರಿಸ್ತಾ ಇದೀರಿ?"

"ದೊಡ್ಡ ಯಜಮಾನರನ್ನ," ಎಂದರು ರಾಯರು ಕತ್ತರಿ ನಿಲ್ಲಿಸದೆ. "ಮುದ್ರೆಯಿಲ್ಲದ ಕೋಟು ಗೇಟು ದಾಟಕೂಡದು ಅಂತ ಅವರೇ ಬರೆದಿಟ್ಟಿದಾರೆ. ಬೇಕಾದ್ರೆ ಚೌಕಟ್ಟು ಇಳಿಸಿ ತರ್ತೀನಿ."

"ಬೇರೆಯೋರ ಕೈಲಿ ಒತ್ತಿಸ್ತೀನಿ."

"ಒತ್ತಿಸಿ. ಒತ್ತೋರಿಗೆ ದೋಣಿಯಕ್ಕನ ವಿಳಾಸ ನಾನೇ ಕೊಡ್ತೀನಿ."

ಯಜಮಾನರು ಭಾವಮೈದನ ಕಡೆ ತಿರುಗಿದರು. ಭಾವಮೈದನಿಗೆ ಆಗಲೇ ಬೇರೆಲ್ಲೋ ತುರ್ತು ಕೆಲಸ ನೆನಪಾಗಿತ್ತು.

ಇಬ್ಬರೂ ಹೋದಮೇಲೆ ಗೋದಾಮಿನಲ್ಲಿ ಕತ್ತರಿಯ ಸದ್ದೊಂದೇ ಉಳಿಯಿತು. ನೂರನೆಯ ಕೋಟು ಚಿಕ್ಕ ಅಳತೆಯದು, ಹತ್ತು ಹನ್ನೆರಡು ವರ್ಷದ ಮಗುವಿಗೆ ಹೊಲಿದದ್ದು. ರಾಯರು ಅದನ್ನು ಮಡಿಲಲ್ಲಿಟ್ಟುಕೊಂಡು ಪಟ್ಟಿಯನ್ನೇ ನೋಡುತ್ತ ಕೂತುಬಿಟ್ಟರು. ಮಗುವಿನ ಅಳತೆಯವೂ ಇದರಲ್ಲಿ ಇದ್ದವೆಂದು ಅವರು ಅವತ್ತು ಗಮನಿಸಿಯೇ ಇರಲಿಲ್ಲ, ಕಣ್ಣು ಮುಚ್ಚಿ ಒತ್ತಿದ್ದರು.

ಮಗಳು ಅವರನ್ನೇ ನೋಡಿದಳು. ಎದ್ದು ಬಂದು ಪಕ್ಕದಲ್ಲಿ ಕೂತು, ಪಟ್ಟಿಯ ಒಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿದಳು.

"ಕತ್ತರಿಸಪ್ಪ," ಎಂದಳು. "ಇನ್ನೂ ಮುನ್ನೂರು ಇದೆ."